ಒಡಲ ಕಾವಲು ಮತ್ತು ಗರ್ಭಕಂಠದ ಕ್ಯಾನ್ಸರ್



ಹೆಣ್ಣುಮಗಳೊಬ್ಬಳು ಗರ್ಭಕಂಠದ ಕ್ಯಾನ್ಸರಿನಿಂದ ಲಿಂಗೈಕ್ಯಳಾದಾಗ ಆ ಮನೆಯ ದುಃಖದ ಹಿಂದೆಯೇ ಎರಡು ಮಾತುಗಳು ಹೊಸಿಲು ದಾಟಿ ಒಳಗೆ ಬರುತ್ತವೆ. “ಅದು ಆ ಮನೆತನದ ರಕ್ತದಲ್ಲಿಯೇ ಇರುವ ದೋಷ” ಎಂಬುದು ಒಂದು. “ಯಾವ ಪಾಪದ ಫಲವೋ ಏನೋ” ಎಂಬುದು ಮತ್ತೊಂದು. ಮೊದಲನೆಯ ಮಾತು ಆಕೆಯ ಮಗಳ ಕಂಕಣಭಾಗ್ಯಕ್ಕೆ ಅಡ್ಡಿಯಾಗುತ್ತದೆ. ಎರಡನೆಯದು ಅಗಲಿದ ತಾಯಿಯ ಶೀಲಕ್ಕೇ ಮಸಿ ಬಳಿಯುತ್ತದೆ. ಇವೆರಡಕ್ಕೂ ಅಂಜಿದ ಇತರ ಹೆಣ್ಣುಮಕ್ಕಳು ತಮ್ಮ ಒಡಲಿನ ಬಾಧೆಯನ್ನು ಗಂಡನಿಗೂ ಹೇಳದೆ, ಅತ್ತೆಗೂ ಹೇಳದೆ, ಸೆರಗಿನ ಗಂಟಿನಂತೆ ಬಿಗಿದಿಟ್ಟುಕೊಂಡು ಬದುಕುತ್ತಾರೆ. ಈ ಎರಡು ಮಾತುಗಳಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ಈ ಸಂಚಿಕೆಯಲ್ಲಿ ವಿಜ್ಞಾನದ ಒರೆಗಲ್ಲಿಗೆ ಹಚ್ಚಿ ನೋಡಲು ನಾವು ಬಯಸುತ್ತೇವೆ.

ವಿಷಯ ಸಣ್ಣದಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1,27,000 ಸ್ತ್ರೀಯರಲ್ಲಿ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು. ಸುಮಾರು 80,000 ಮಂದಿ ಇದರಿಂದ ಮಡಿದರು. ನಮ್ಮ ದೇಶದ ಸ್ತ್ರೀಯರನ್ನು ಬಾಧಿಸುವ ಕ್ಯಾನ್ಸರುಗಳಲ್ಲಿ ಸ್ತನದ ಕ್ಯಾನ್ಸರನ್ನು ಬಿಟ್ಟರೆ ಇದರದೇ ಎರಡನೆಯ ಸ್ಥಾನ. ಆದರೂ ಕ್ಯಾನ್ಸರುಗಳ ಪೈಕಿ ಕಾರಣವು ಅತ್ಯಂತ ಸ್ಪಷ್ಟವಾಗಿ ತಿಳಿದಿರುವ, ತಡೆಗಟ್ಟುವ ಮಾರ್ಗವು ಕೈಯಳತೆಯಲ್ಲಿಯೇ ಇರುವ ರೋಗಗಳಲ್ಲಿ ಇದೂ ಒಂದು. ತಡೆಯಬಹುದಾದ ಸಾವನ್ನು ನಾಚಿಕೆಯ ಕಾರಣದಿಂದ ತಡೆಯದೆ ಬಿಡುವುದು ಧರ್ಮವಂತರಿಗೆ ಒಪ್ಪುವ ಮಾತಲ್ಲ.

ರೋಗದ ಮರ್ಮವನ್ನರಿಯಲು ಮೊದಲು ಆರೋಗ್ಯದ ಮರ್ಮವನ್ನರಿಯಬೇಕು. ಶರಣರು ಕಾಯವನ್ನು ಕೀಳೆಂದು ತಳ್ಳಲಿಲ್ಲ. ಅದನ್ನು ಶಿವನ ನೆಲೆಯೆಂದು ಗೌರವಿಸಿದರು. ಆ ಕಾಯವು ಕೋಟಿಕೋಟಿ ಜೀವಕೋಶಗಳಿಂದಾದುದು. ಹಳೆಯ ಕೋಶಗಳು ಸವೆದಂತೆ ಹೊಸವು ಹುಟ್ಟುತ್ತಿರಬೇಕು. ಒಂದು ಕೋಶವು ಎರಡಾಗುವ ಮುನ್ನ ತನ್ನೊಳಗಿನ ಡಿಎನ್‌ಎ ಎಂಬ ದೀರ್ಘ ಲಿಖಿತವನ್ನು ಪೂರ್ಣವಾಗಿ ಪ್ರತಿಮಾಡಿಕೊಳ್ಳಬೇಕು. ದೇಹದ ಪ್ರತಿಯೊಂದು ಕಾರ್ಯಕ್ಕೆ ಬೇಕಾದ ಆದೇಶವು ಆ ಲಿಖಿತದಲ್ಲಿದೆ. ಲಿಖಿತದ ಒಂದೊಂದು ಆದೇಶಕ್ಕೆ ವಂಶವಾಹಿಯೆಂದು ಹೆಸರು. ಆ ಆದೇಶದಂತೆ ತಯಾರಾಗಿ ಕೆಲಸಕ್ಕೆ ನಿಲ್ಲುವ ಸೇವಕನಿಗೆ ಪ್ರೊಟೀನು ಎಂದು ಹೆಸರು.

ಹಿಂದೆ ಮಠಗಳಲ್ಲಿ ಓಲೆಗರಿಯ ಗ್ರಂಥಗಳನ್ನು ಪ್ರತಿಮಾಡುತ್ತಿದ್ದ ಪರಿಯನ್ನು ನೆನೆದರೆ ಈ ವ್ಯವಸ್ಥೆ ಸುಲಭವಾಗಿ ಮನಗಾಣುತ್ತದೆ. ಲಿಪಿಕಾರನು ಕಂಟವನ್ನು ತಾನಾಗಿಯೇ ಕೈಗೆತ್ತಿಕೊಳ್ಳುತ್ತಿರಲಿಲ್ಲ, ಹಿರಿಯರ ಅಪ್ಪಣೆಯಾಗಬೇಕಾಗಿತ್ತು. ಬರೆದದ್ದನ್ನು ಮತ್ತೊಬ್ಬ ಹಿರಿಯರು ಓದಿ ನೋಡುತ್ತಿದ್ದರು. ಅಕ್ಷರ ತಪ್ಪಿದ್ದರೆ ಬರವಣಿಗೆಯನ್ನು ನಿಲ್ಲಿಸಿ ತಿದ್ದಿಸುತ್ತಿದ್ದರು. ತಿದ್ದಲಾಗದಷ್ಟು ಕೆಟ್ಟಿದ್ದರೆ ಆ ಗರಿಯನ್ನೇ ತೆಗೆದುಹಾಕುತ್ತಿದ್ದರು. ಏಕೆಂದರೆ ತಪ್ಪಿದ ಪ್ರತಿಯಿಂದ ಮತ್ತೊಂದು ಪ್ರತಿಯಾದರೆ ತಪ್ಪು ಇಮ್ಮಡಿಸುತ್ತದೆ, ಅದರಿಂದ ಮತ್ತೊಂದಾದರೆ ಮುಮ್ಮಡಿಸುತ್ತದೆ.

ನಮ್ಮ ಕೋಶಗಳಲ್ಲಿಯೂ ಇಂಥ ಇಬ್ಬರು ಹಿರಿಯರಿದ್ದಾರೆ. ಅಪ್ಪಣೆ ಕೊಡುವ ಹಿರಿಯನ ಹೆಸರು ಆರ್‌ಬಿ ಪ್ರೊಟೀನು. ಪ್ರತಿಮಾಡುವ ಕಾರ್ಯವನ್ನು ಆರಂಭಿಸುವ ಇ2ಎಫ್ ಎಂಬ ಚಾಲಕ ಪ್ರೊಟೀನುಗಳನ್ನು ಆರ್‌ಬಿ ತನ್ನ ಹಿಡಿತದಲ್ಲಿಟ್ಟುಕೊಂಡಿರುತ್ತದೆ. ಅಗತ್ಯವಿದ್ದಾಗ ಮಾತ್ರ ಹಿಡಿತ ಸಡಿಲಿಸುತ್ತದೆ. ಓದಿ ತಿದ್ದುವ ಹಿರಿಯನ ಹೆಸರು ಪಿ53. ಇಲ್ಲಿ 53 ಎಂಬುದು ಮೊದಲು ಅಳೆದಾಗ ಕಂಡ ಅಣುಭಾರವನ್ನು ಸೂಚಿಸುವ ಅಂಕಿ. ಲಿಖಿತಕ್ಕೆ ಹಾನಿಯಾದಾಗ ಪಿ53 ಎಚ್ಚೆತ್ತು ಕೋಶದ ವಿಭಜನೆಯನ್ನು ತಡೆಹಿಡಿಯುತ್ತದೆ, ದುರಸ್ತಿಗೆ ಅವಕಾಶ ಕೊಡುತ್ತದೆ. ದುರಸ್ತಿಯಾಗದಿದ್ದರೆ ಆ ಕೋಶವು ತಾನಾಗಿಯೇ ಅಳಿಯುವಂತೆ ಮಾಡುತ್ತದೆ. ಗಡ್ಡೆ ಬೆಳೆಯದಂತೆ ತಡೆಯುವುದರಿಂದ ಇವುಗಳನ್ನು ಗಡ್ಡೆನಿರೋಧಕ ಪ್ರೊಟೀನುಗಳೆಂದು ಕರೆಯುತ್ತಾರೆ.

ಈ ಕಾವಲಿಗರನ್ನು ಗುರುತಿಸಿದ ಕಥೆಯೂ ಬೋಧಪ್ರದವಾದುದು. ಪಿ53 ಪ್ರೊಟೀನು 1979ರಲ್ಲಿ ಪತ್ತೆಯಾದಾಗ ಅದು ಗಡ್ಡೆ ಬೆಳೆಸುವ ವೈರಾಣುವೊಂದರ ಪ್ರೊಟೀನಿನೊಡನೆ ಅಂಟಿಕೊಂಡಿತ್ತು. ಕಳ್ಳನ ಜೊತೆ ಸಿಕ್ಕವನೂ ಕಳ್ಳನೇ ಇರಬೇಕೆಂದು ತಿಳಿದು ಅನೇಕ ವರ್ಷ ಅದನ್ನು ಕ್ಯಾನ್ಸರ್ ತರುವ ಪ್ರೊಟೀನುಗಳ ಸಾಲಿನಲ್ಲಿಯೇ ನಿಲ್ಲಿಸಲಾಗಿತ್ತು. 1989ರಲ್ಲಿ ಅಮೆರಿಕದ ಬರ್ಟ್ ವೋಗಲ್‌ಸ್ಟೈನ್ ಮೊದಲಾದವರ ಸಂಶೋಧನೆಗಳಿಂದ ಅದು ಕಾವಲಿಗನೆಂಬ ಸತ್ಯ ಹೊರಬಿದ್ದಿತು. ಅಪರಾಧ ನಡೆದಲ್ಲಿ ಸಿಕ್ಕವರನ್ನೆಲ್ಲ ಅಪರಾಧಿಗಳೆಂದು ತೀರ್ಮಾನಿಸುವ ಆತುರ ಪಂಡಿತರನ್ನೂ ಬಿಡಲಿಲ್ಲ.

ಇನ್ನು ಕಾವಲು ತಪ್ಪುವುದು ಹೇಗೆ? ಎರಡು ಬಗೆಗಳುಂಟು. ಕಾವಲಿಗನನ್ನು ರೂಪಿಸುವ ವಂಶವಾಹಿಯೇ ಕೆಟ್ಟಿರಬಹುದು. ಅಥವಾ ವಂಶವಾಹಿ ಸರಿಯಾಗಿದ್ದು, ತಯಾರಾದ ಕಾವಲಿಗನನ್ನು ಹೊರಗಿನಿಂದ ಬಂದ ವೈರಿ ನಾಶಮಾಡಬಹುದು. ಮನೆತನದ ದೋಷವೆಂಬ ಮಾತನ್ನು ಅಳೆಯಲು ಈ ಭೇದವನ್ನು ಚೆನ್ನಾಗಿ ಅರಿಯಬೇಕು.

ಮೊದಲನೆಯ ಬಗೆಗೆ ಉದಾಹರಣೆ, ಎಳೆಯ ಮಕ್ಕಳ ಕಣ್ಣಿನಲ್ಲಿ ಬೆಳೆಯುವ ರೆಟಿನೋಬ್ಲಾಸ್ಟೋಮಾ ಎಂಬ ಗಡ್ಡೆ. ಆರ್‌ಬಿ ಎಂಬ ಹೆಸರು ಬಂದದ್ದೇ ಈ ರೋಗದಿಂದ. ತಂದೆಯಿಂದೊಂದು, ತಾಯಿಯಿಂದೊಂದು ಹೀಗೆ ಪ್ರತಿಯೊಂದು ವಂಶವಾಹಿಯ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ. ಎರಡೂ ಕೆಟ್ಟಾಗ ಮಾತ್ರ ಕಾವಲು ತಪ್ಪುತ್ತದೆಂದು ಆಲ್ಫ್ರೆಡ್ ನುಡ್ಸನ್ ಎಂಬ ವೈದ್ಯವಿಜ್ಞಾನಿ 1971ರಲ್ಲಿ ತರ್ಕಿಸಿದರು. ಕೆಲವು ಮಕ್ಕಳು ಕೆಟ್ಟ ಪ್ರತಿಯೊಂದನ್ನು ಹೊತ್ತೇ ಹುಟ್ಟುತ್ತಾರೆ. ಅಂಥ ಕುಟುಂಬಗಳಲ್ಲಿ ಆ ರೋಗ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದುಂಟು. ಅದು ಕೂಡ ಯಾರ ಪಾಪವೂ ಅಲ್ಲ; ಆದರೆ ವಂಶದಲ್ಲಿ ಇಳಿದು ಬರುವುದು ನಿಜ.

ಗರ್ಭಕಂಠದ ಕ್ಯಾನ್ಸರ್ ಎರಡನೆಯ ಬಗೆಯದು. ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಅವರೂ ಅವರ ಸಹಸಂಶೋಧಕರೂ 1983 ಮತ್ತು 1984ರಲ್ಲಿ ಈ ಗಡ್ಡೆಗಳಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಾಣುವಿನ 16 ಮತ್ತು 18ನೆಯ ತಳಿಗಳನ್ನು ಕಂಡುಹಿಡಿದರು. ಸಂಕ್ಷೇಪವಾಗಿ ಇದನ್ನು ಎಚ್‌ಪಿವಿ ಎನ್ನುತ್ತಾರೆ. ಈ ಎರಡು ತಳಿಗಳೇ ಜಗತ್ತಿನ ಗರ್ಭಕಂಠದ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 70ಕ್ಕೆ ಕಾರಣ. ಈ ಶೋಧಕ್ಕಾಗಿ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ವೈರಾಣುವು ಸ್ವತಂತ್ರವಾಗಿ ಬೆಳೆಯಲಾರದು. ತನ್ನ ಲಿಖಿತದ ಪ್ರತಿಗಳನ್ನು ಮಾಡಿಕೊಳ್ಳಲು ಅದಕ್ಕೆ ನಮ್ಮ ಕೋಶದ ಸಲಕರಣೆಗಳೇ ಬೇಕು. ಆದರೆ ಗರ್ಭಕಂಠದ ಹೊದಿಕೆಯ ಮೇಲ್ಪದರದ ಕೋಶಗಳು ವಿಭಜನೆಯನ್ನು ನಿಲ್ಲಿಸಿ ವಿಶ್ರಾಂತಿಯಲ್ಲಿರುತ್ತವೆ. ಅವುಗಳನ್ನು ಮತ್ತೆ ದುಡಿಮೆಗೆ ಹಚ್ಚಲು ವೈರಾಣುವು ಇ7 ಎಂಬ ತನ್ನ ಪ್ರೊಟೀನನ್ನು ಕಳುಹಿಸುತ್ತದೆ. ಇ7 ನೇರವಾಗಿ ಹೋಗಿ ಆರ್‌ಬಿಯನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಅಪ್ಪಣೆ ಕೊಡುವ ಹಿರಿಯನೇ ಇಲ್ಲವಾದಾಗ ಚಾಲಕ ಪ್ರೊಟೀನುಗಳು ಬಿಡುಗಡೆಯಾಗಿ, ಕೋಶವು ಹೊತ್ತಿಲ್ಲದ ಹೊತ್ತಿನಲ್ಲಿ ಪ್ರತಿಮಾಡತೊಡಗುತ್ತದೆ. ಈ ಅಕ್ರಮವನ್ನು ಕಂಡು ಪಿ53 ಎಚ್ಚೆತ್ತುಕೊಳ್ಳುವುದು ಸಹಜ. ಅದಕ್ಕಾಗಿಯೇ ವೈರಾಣುವಿನ ಬಳಿ ಇ6 ಎಂಬ ಎರಡನೆಯ ಅಸ್ತ್ರವಿದೆ. ಇ6 ತಾನೇ ಪಿ53ನ್ನು ಕೊಲ್ಲುವುದಿಲ್ಲ. ಕೋಶದಲ್ಲಿ ಹಳತಾದ ಪ್ರೊಟೀನುಗಳಿಗೆ ಗುರುತು ಹಚ್ಚಿ ವಿಲೇವಾರಿ ಮಾಡುವ ಏರ್ಪಾಡೊಂದುಂಟು. ಇ6 ಆ ಏರ್ಪಾಡಿನ ಗುರುತುಗಾರನನ್ನು ಕರೆತಂದು, ಗಟ್ಟಿಮುಟ್ಟಾದ ಪಿ53ರ ಮೇಲೆ “ತ್ಯಾಜ್ಯ” ಎಂಬ ಗುರುತನ್ನು ಹಚ್ಚಿಸುತ್ತದೆ. ಮನೆಯ ಹಿರಿಯನನ್ನು ಮನೆಯವರ ಕೈಯಿಂದಲೇ ಹೊರಗೆ ಹಾಕಿಸುವ ಕುಟಿಲ ನೀತಿಯಿದು. ಇ7 ಪ್ರೊಟೀನು ಆರ್‌ಬಿಯನ್ನು ಹಿಡಿಯುವುದು 1989ರಲ್ಲಿಯೂ, ಇ6 ಪ್ರೊಟೀನು ಪಿ53ನ್ನು ನಾಶಪಡಿಸುವುದು 1990ರಲ್ಲಿಯೂ ಪ್ರಕಟವಾದ ಸಂಶೋಧನೆಗಳಿಂದ ತಿಳಿಯಿತು. ಅಮೆರಿಕದ ಪೀಟರ್ ಹೌಲಿ ಅವರು ಎರಡರಲ್ಲಿಯೂ ಪಾಲ್ಗೊಂಡಿದ್ದರು.

ಇಬ್ಬರು ಹಿರಿಯರೂ ಇಲ್ಲದ ಕೋಶದಲ್ಲಿ ತಪ್ಪುಗಳು ತಿದ್ದಿಲ್ಲದೆ ಸೇರುತ್ತ ಹೋಗುತ್ತವೆ. ವರ್ಷಗಳು ಕಳೆದಂತೆ ಅವುಗಳಲ್ಲಿ ಕೆಲವು ಕ್ಯಾನ್ಸರಿನ ರೂಪ ತಾಳುತ್ತವೆ. ಇಲ್ಲಿ ಓದುಗರು ಒಂದು ವಿಶೇಷವನ್ನು ಗಮನಿಸಬೇಕು. ಮನುಷ್ಯರ ಕ್ಯಾನ್ಸರುಗಳನ್ನೆಲ್ಲ ಒಟ್ಟಾಗಿ ನೋಡಿದರೆ ಸುಮಾರು ಅರ್ಧದಷ್ಟರಲ್ಲಿ ಪಿ53ರ ವಂಶವಾಹಿಯೇ ಕೆಟ್ಟಿರುತ್ತದೆ. ಗರ್ಭಕಂಠದ ಕ್ಯಾನ್ಸರಿನಲ್ಲಾದರೋ ಬಹುಪಾಲು ಆ ವಂಶವಾಹಿ ಅಕ್ಷತವಾಗಿರುತ್ತದೆ. ಕೋಶವು ಒಳ್ಳೆಯ ಕಾವಲಿಗನನ್ನು ರೂಪಿಸುತ್ತಲೇ ಇರುತ್ತದೆ; ವೈರಾಣು ಅವನನ್ನು ಅಳಿಸುತ್ತಲೇ ಇರುತ್ತದೆ.

ಇದನ್ನು ಮನದಟ್ಟು ಮಾಡಿಕೊಟ್ಟ ಪ್ರಯೋಗವೊಂದನ್ನು ಹೇಳುವುದು ಉಚಿತ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ 31 ವರ್ಷದ ತಾಯಿ ಈ ರೋಗದಿಂದ ತೀರಿಕೊಂಡಳು. ಆಕೆಯ ಅನುಮತಿಯನ್ನು ಕೇಳದೆಯೇ ತೆಗೆದಿಟ್ಟ ಗಡ್ಡೆಯ ಕೋಶಗಳು ಹೀಲಾ ಎಂಬ ಹೆಸರಿನಿಂದ ಇಂದಿಗೂ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿವೆ. ಅವುಗಳಲ್ಲಿ 18ನೆಯ ತಳಿಯ ವೈರಾಣುವಿನ ಲಿಖಿತವಿದೆ. ಸುಮಾರು ಅರ್ಧ ಶತಮಾನದ ನಂತರ, 2000ದಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಆ ಕೋಶಗಳೊಳಗೆ ಇ6 ಮತ್ತು ಇ7ರ ತಯಾರಿಕೆಯನ್ನು ಅಡಗಿಸಿ ನೋಡಿದರು. ಒಡನೆಯೇ ಪಿ53 ಮತ್ತೆ ತಲೆಯೆತ್ತಿತು, ಆರ್‌ಬಿ ತನ್ನ ಕೆಲಸಕ್ಕೆ ಮರಳಿತು, ಐದು ದಶಕಗಳಿಂದ ನಿಲ್ಲದೆ ಬೆಳೆದಿದ್ದ ಕೋಶಗಳು ಬೆಳೆಯುವುದನ್ನು ನಿಲ್ಲಿಸಿದವು. ತಾಯಿಯಿಂದ ಬಂದ ಕಾವಲು ಆ ಕೋಶಗಳಲ್ಲಿ ಕೆಟ್ಟಿರಲೇ ಇಲ್ಲ. ಅದನ್ನು ತುಳಿದಿಟ್ಟಿದ್ದ ಕಾಲು ತೆಗೆದೊಡನೆ ಅದು ಎದ್ದು ನಿಂತಿತು.

ಆದುದರಿಂದ ಮನೆತನದ ದೋಷವೆಂಬ ಮೊದಲ ಮಾತಿಗೆ ಇಲ್ಲಿ ಆಧಾರವಿಲ್ಲ. ತಾಯಿಗೆ ಈ ರೋಗ ಬಂದಿತ್ತೆಂಬ ಕಾರಣಕ್ಕೆ ಮಗಳ ಸಂಬಂಧವನ್ನು ಮುರಿಯುವವರು ವಿಜ್ಞಾನಕ್ಕೂ ಅಪಚಾರ ಮಾಡುತ್ತಾರೆ, ಶರಣಧರ್ಮಕ್ಕೂ ಅಪಚಾರ ಮಾಡುತ್ತಾರೆ.

ಪಾಪದ ಫಲವೆಂಬ ಎರಡನೆಯ ಮಾತಿಗೆ ಬರೋಣ. ಈ ವೈರಾಣು ದಾಂಪತ್ಯದ ಸಹಜ ಸಂಪರ್ಕದಿಂದಲೇ ಹರಡುತ್ತದೆ. ಗೃಹಸ್ಥರಾದ ಸ್ತ್ರೀಪುರುಷರಲ್ಲಿ ಬಹುತೇಕ ಎಲ್ಲರಿಗೂ ಆಯುಷ್ಯದಲ್ಲಿ ಒಮ್ಮೆಯಾದರೂ ಇದು ತಗಲುತ್ತದೆ. ಪುರುಷನಲ್ಲಿ ಯಾವ ಕುರುಹೂ ಇಲ್ಲದೆ ಇರಬಲ್ಲದು. ಎಷ್ಟೋ ವರ್ಷಗಳ ಹಿಂದೆ ಬಂದದ್ದು ಸದ್ದಿಲ್ಲದೆ ಉಳಿಯಬಲ್ಲದು. ಹೆಚ್ಚಿನವರಲ್ಲಿ ಶರೀರದ ರೋಗನಿರೋಧಕ ಶಕ್ತಿಯೇ ಒಂದೆರಡು ವರ್ಷಗಳಲ್ಲಿ ಅದನ್ನು ಹೊರಗಟ್ಟುತ್ತದೆ. ಕೆಲವರಲ್ಲಿ ಮಾತ್ರ ಅದು ಬೇರುಬಿಡುತ್ತದೆ. ಧೂಮಪಾನ, ಎಚ್‌ಐವಿ ಸೋಂಕು ಮುಂತಾದವು ಅದಕ್ಕೆ ನೆರವಾಗುತ್ತವೆ. ಹೀಗಿರುವಲ್ಲಿ ರೋಗಕ್ಕೆ ತುತ್ತಾದವಳ ಶೀಲವನ್ನು ಶಂಕಿಸುವುದು ಅಜ್ಞಾನ. ಸೋಂಕಿನ ಹೊರೆಯನ್ನು ಆಕೆಯೊಬ್ಬಳ ತಲೆಗೇ ಕಟ್ಟುವುದು ಅನ್ಯಾಯ.

ನಮ್ಮ ಸಮಾಜದವರಿಗೆ ಇನ್ನೊಂದು ಮಾತನ್ನು ನೆನಪಿಸಬೇಕಾಗಿದೆ. ಪಂಚಸೂತಕಗಳನ್ನು ನಿರಾಕರಿಸಿದ ಧರ್ಮ ನಮ್ಮದು. ರಜಸ್ಸಿನ ಸೂತಕವೂ ಅವುಗಳಲ್ಲಿ ಒಂದು. ಹೆಣ್ಣಿನ ದೇಹಧರ್ಮದಲ್ಲಿ ಮೈಲಿಗೆಯಿಲ್ಲ, ಆ ದಿನಗಳಲ್ಲಿಯೂ ಆಕೆ ಇಷ್ಟಲಿಂಗ ಪೂಜೆಗೆ ಅರ್ಹಳು ಎಂದು ಸಾರಿದವರು ಹನ್ನೆರಡನೆಯ ಶತಮಾನದ ಶರಣರು. ಪೂಜೆಯಲ್ಲಿ ಇಲ್ಲದ ಮೈಲಿಗೆ ವೈದ್ಯರ ಮುಂದೆ ಎಲ್ಲಿಂದ ಬಂದಿತು? ಗರ್ಭಕೋಶದ ಮಾತನ್ನಾಡಲು ನಾಚುವ ಮನೆಗಳು ಸೂತಕವನ್ನು ಹೊರಬಾಗಿಲಿನಿಂದ ಕಳುಹಿಸಿ ಹಿತ್ತಲ ಬಾಗಿಲಿನಿಂದ ಬರಮಾಡಿಕೊಂಡಂತೆ ನಮಗೆ ತೋರುತ್ತದೆ.

ಈ ರೋಗದಲ್ಲಿ ಕಾಲವು ನಮ್ಮ ಪರವಾಗಿದೆಯೆಂಬುದು ಸಮಾಧಾನದ ಸಂಗತಿ. ಸೋಂಕು ಬೇರುಬಿಟ್ಟು ಕ್ಯಾನ್ಸರಾಗಲು ಸಾಮಾನ್ಯವಾಗಿ 15ರಿಂದ 20 ವರ್ಷಗಳು ಬೇಕು. ಆ ದೀರ್ಘ ಅವಧಿಯಲ್ಲಿ ಕೆಡುತ್ತಿರುವ ಕೋಶಗಳನ್ನು ಗುರುತಿಸಿ, ಅವು ಕ್ಯಾನ್ಸರಾಗುವ ಮುನ್ನವೇ ತೆಗೆದುಹಾಕಲು ಸಾಧ್ಯ. ಗುರುತಿಸುವ ಪರೀಕ್ಷೆಗಳು ಮೂರು. ಗರ್ಭಕಂಠದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ ಒಂದು. ವೈರಾಣುವಿನ ಲಿಖಿತವನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ ಮತ್ತೊಂದು. ತಿಳಿಯಾದ ಅಸಿಟಿಕ್ ಆಮ್ಲವನ್ನು ಹಚ್ಚಿ ಬೆಳ್ಳಗಾಗುವ ಭಾಗವನ್ನು ಬರಿಗಣ್ಣಿನಿಂದ ನೋಡುವುದು ಮೂರನೆಯದು. ಸಂಶಯ ಬಂದಲ್ಲಿ ಸಣ್ಣ ತುಣುಕನ್ನು ತೆಗೆದು ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಅಲ್ಲಿ ಪಿ16 ಎಂಬ ಮತ್ತೊಂದು ಗಡ್ಡೆನಿರೋಧಕ ಪ್ರೊಟೀನನ್ನು ಹುಡುಕುವುದುಂಟು. “ಅಪ್ಪಣೆಯನ್ನು ಸಡಿಲಿಸಬೇಡ” ಎಂದು ಆರ್‌ಬಿಯ ಬೆಂಬಲಕ್ಕೆ ನಿಲ್ಲುವುದು ಅದರ ಕೆಲಸ. ಆರ್‌ಬಿ ಸೋತ ಕೋಶದಲ್ಲಿ ಪಿ16 ಹೆಚ್ಚುಹೆಚ್ಚಾಗಿ ತಯಾರಾಗುತ್ತದೆ. ಆದರೆ ಅದರ ಕೂಗನ್ನು ಕೇಳುವವರಿರುವುದಿಲ್ಲ. ಒಳಗೆ ಫಲಿಸದ ಆ ಕೂಗು ಹೊರಗಿನ ವೈದ್ಯರಿಗೆ ಮಾತ್ರ ಸ್ಪಷ್ಟವಾಗಿ ಕೇಳಿಸಿ, ರೋಗನಿರ್ಣಯಕ್ಕೆ ನೆರವಾಗುತ್ತದೆ.

ಇವೆಲ್ಲ ದೊಡ್ಡ ನಗರದವರಿಗೆ ಮಾತ್ರ ಎಂದು ತಿಳಿಯಬೇಕಾಗಿಲ್ಲ. ಬಸವಕಲ್ಯಾಣದಿಂದ ಬಹುದೂರವಲ್ಲದ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯಲ್ಲಿ, ಅದರ ಹೆಸರು ಉಸ್ಮಾನಾಬಾದ್ ಎಂದಿದ್ದ ಕಾಲದಲ್ಲಿ, 30ರಿಂದ 59 ವಯಸ್ಸಿನ 1,31,746 ಗ್ರಾಮೀಣ ಸ್ತ್ರೀಯರನ್ನು ಒಳಗೊಂಡ ಅಧ್ಯಯನವೊಂದು ನಡೆಯಿತು. ಜೀವಮಾನದಲ್ಲಿ ಒಂದೇ ಬಾರಿ ಎಚ್‌ಪಿವಿ ಪರೀಕ್ಷೆಯ ಸೌಲಭ್ಯ ದೊರೆತ ಗುಂಪಿನಲ್ಲಿ ಈ ರೋಗದ ಸಾವುಗಳು, ಆ ಸೌಲಭ್ಯವಿಲ್ಲದ ಗುಂಪಿಗಿಂತ ಸುಮಾರು ಅರ್ಧಕ್ಕೆ ಇಳಿದವೆಂದು 2009ರಲ್ಲಿ ಪ್ರಕಟವಾಯಿತು. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಸ್ತ್ರೀಯರ ನಡುವೆ ನಡೆಸಿದ ಮತ್ತೊಂದು ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಗಳಿಗೊಮ್ಮೆ ಅಸಿಟಿಕ್ ಆಮ್ಲದ ಪರೀಕ್ಷೆ ಮಾಡಿದರು. ಅಷ್ಟರಿಂದಲೇ ಸಾವುಗಳು ನೂರಕ್ಕೆ 31ರಷ್ಟು ಕಡಿಮೆಯಾದವು.

ಸೋಂಕು ತಗಲುವ ಮುನ್ನವೇ ತಡೆಯುವ ಚುಚ್ಚುಮದ್ದು 2006ರಿಂದ ಜಗತ್ತಿನಲ್ಲಿ ಬಳಕೆಯಲ್ಲಿದೆ. ಪುಣೆಯ ಸೀರಂ ಸಂಸ್ಥೆ ತಯಾರಿಸಿದ ಸರ್ವಾವ್ಯಾಕ್ ಎಂಬ ಸ್ವದೇಶಿ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. ಈ ಲಸಿಕೆಗಳಲ್ಲಿರುವುದು ವೈರಾಣುವಿನ ಹೊರಕವಚದ ಪ್ರೊಟೀನು ಮಾತ್ರ. ಒಳಗಿನ ಲಿಖಿತವಿಲ್ಲ, ಇ6 ಇಲ್ಲ, ಇ7 ಇಲ್ಲ. ಆದ್ದರಿಂದ ಅದರಿಂದ ರೋಗ ಬರುವ ಸಂಭವವಿಲ್ಲ. ಬಂಜೆತನ ಬರುತ್ತದೆಂಬ ವದಂತಿಗೂ ಆಧಾರವಿಲ್ಲ. 9ರಿಂದ 14 ವರ್ಷದೊಳಗೆ ಕೊಡಿಸುವುದು ಅತ್ಯುತ್ತಮ. ಏಕೆಂದರೆ ಈಗಾಗಲೇ ಬೇರೂರಿದ ಸೋಂಕನ್ನು ಲಸಿಕೆ ನಿವಾರಿಸಲಾರದು. ಲಸಿಕೆ ಪಡೆದವರೂ ಮುಂದೆ ವಯಸ್ಸಿಗೆ ಬಂದಾಗ ತಪಾಸಣೆಯನ್ನು ಬಿಡುವಂತಿಲ್ಲ. ಲಸಿಕೆಯು ಎಲ್ಲ ತಳಿಗಳನ್ನೂ ತಡೆಯುವುದಿಲ್ಲ.

ಕೊನೆಯದಾಗಿ ನಮ್ಮ ಕೋರಿಕೆ. 30 ವರ್ಷ ದಾಟಿದ ತಾಯಂದಿರು ಯಾವ ತೊಂದರೆ ಇಲ್ಲದಿದ್ದರೂ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅಥವಾ ಸ್ತ್ರೀರೋಗ ತಜ್ಞರಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿದರೆ, ಎರಡು ಮುಟ್ಟುಗಳ ನಡುವೆ ಅಥವಾ ಪತಿಪತ್ನಿಯರ ಮಿಲನದ ನಂತರ ರಕ್ತಸ್ರಾವವಾದರೆ, ದುರ್ವಾಸನೆಯ ಬಿಳಿಸೆರಗು ನಿಲ್ಲದಿದ್ದರೆ ಒಂದು ದಿನವೂ ತಡಮಾಡಬಾರದು. ಊರೂರಿನ ಅಕ್ಕನ ಬಳಗದವರು ಒಬ್ಬೊಬ್ಬರಾಗಿ ಹೋಗಲು ಸಂಕೋಚಪಡುವವರನ್ನು ಗುಂಪಾಗಿ ಕರೆದೊಯ್ಯಬಹುದು. ಬಸವ ಜಯಂತಿಯ ದಾಸೋಹದೊಡನೆ ತಪಾಸಣೆಯ ಶಿಬಿರವೊಂದನ್ನು ಏರ್ಪಡಿಸಿದರೆ ಅದೂ ದಾಸೋಹವೇ. ಮನೆಯ ಯಜಮಾನರು ಈ ಲೇಖನವನ್ನು ತಾವು ಓದಿ ಮಡಿಸಿಡದೆ ಮನೆಯವರೆಲ್ಲರ ಮುಂದೆ ಓದಿ ಹೇಳಬೇಕೆಂದು ವಿನಂತಿಸುತ್ತೇವೆ. ಪತ್ನಿಯೊಡನೆ ಆಸ್ಪತ್ರೆಗೆ ಹೋಗಲು ಹಿಂಜರಿಯುವವನು ಸತಿಪತಿಗಳ ಸಮಭಾವದ ಮಾತನ್ನು ಶಿವಾನುಭವ ಗೋಷ್ಠಿಯಲ್ಲಿ ಆಡಿ ಪ್ರಯೋಜನವಿಲ್ಲ.

ಒಡಲೊಳಗಿನ ಕಾವಲಿಗರು ತಮ್ಮ ಕಾಯಕವನ್ನು ಹಗಲಿರುಳು ಮಾಡುತ್ತಿದ್ದಾರೆ. ಅವರಿಗೆ ಮೀರಿದ ವೈರಿಯನ್ನು ಬಾಗಿಲಿನಲ್ಲಿಯೇ ತಡೆಯುವ, ಒಳಗೆ ಬಂದಿದ್ದರೆ ಬೇಗ ಗುರುತಿಸುವ ಕಾಯಕ ಮನೆಯವರದು.